ಎರಡು ಬೆರಳು ಬಟ್ಟೆ

ದ್ವೀಪಕ್ಕೆ ಹೋಗುವವರು ಬಿಸಿಲು ನೋಡಿಕೊಂಡು ಹೋಗುತ್ತಾರೆ. ನಾವು ಹೊರಟಿದ್ದು ಗಾಳಿಮಳೆಯ ತಿಂಗಳಲ್ಲಿ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಎದುರಂಗಡಿಯ ಔಷಧಿಯವರು ನನ್ನ ಮುಖಕ್ಕೇ ಅಂದರು. ನಾನು ಶಾಲೆಯ ಯೂನಿಫಾರಂ ಹೊಲಿಯುವವಳು. ಶಾಲೆ ತೆರೆಯುವ ಮುಂಚಿನ ಮೂರು ತಿಂಗಳು ತಲೆ ತುರಿಸಿಕೊಳ್ಳಲೂ ಪುರಸೊತ್ತಿಲ್ಲ. ತೆರೆದ ಮೇಲೆ ಹರಿದ ಜೇಬು, ಕಿತ್ತ ಗುಂಡಿ ಬಿಟ್ಟರೆ ಕೆಲಸವಿಲ್ಲ. ನನಗೆ ಬಿಡುವಾಗುವ ಹೊತ್ತಿಗೆ ದ್ವೀಪದಲ್ಲಿ ಮಳೆ ಹಿಡಿದಿರುತ್ತದೆ. ಅದಕ್ಕೆ ನಾನೇನು ಮಾಡಲಿ? "ನೆನೆದು ನೆಗಡಿ ಬಂದ್ರೆ ನಿಮಗೇ ವ್ಯಾಪಾರ, ಬಿಡಿ" ಎಂದು ಅವರ ಬಾಯಿ ಮುಚ್ಚಿಸಿದೆ.

ನಿಜ ಹೇಳಬೇಕೆಂದರೆ ಕಾರಣ ಬೇರೆಯೇ ಇತ್ತು.

ನಮ್ಮನೆಯವರು ಹೊಲಿಗೆಯಂತ್ರ ರಿಪೇರಿ ಮಾಡುತ್ತಾರೆ. ಒಂದು ದಿನ ಬೀದಿಯ ಕೊನೆಯ ಟಿಕೆಟ್ ಬುಕಿಂಗ್ ಆಫೀಸಿನಿಂದ ಬಣ್ಣದ ಕಾಗದವೊಂದನ್ನು ತಂದರು. ಓದುವುದಕ್ಕಲ್ಲ, ಎಣ್ಣೆ ಕೈ ಒರೆಸುವುದಕ್ಕೆ. ಒರೆಸುವ ಮುಂಚೆ ನನ್ನ ಕಣ್ಣಿಗೆ ಬಿತ್ತು. 'ಮಳೆಗಾಲದಲ್ಲಿ ಅರ್ಧ ದರ. ಆರು ಕೋಣೆಗಳ ವಸತಿಗೃಹ.' ಕೆಳಗೊಂದು ಫೋಟೊ. ಸಾಲಾಗಿ ಆರು ಕಿಟಕಿ, ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತ ಹೆಂಗಸು, ಅರ್ಧ ಮುಖ ಫೋಟೊದ ಆಚೆಗೆ ಹೋಗಿತ್ತು. ಉಳಿದರ್ಧ ನನಗೆ ಬೇಕಾಗಲಿಲ್ಲ. ಅವಳು ನನ್ನಕ್ಕ. ಹನ್ನೊಂದು ವರ್ಷದಿಂದ ನಾವು ಮಾತಾಡಿರಲಿಲ್ಲ.

ಈ ಅಂಗಡಿ ಶುರುವಾದದ್ದೇ ಅಕ್ಕನಿಂದ. ಕತ್ತರಿ ಹಿಡಿಯುವುದನ್ನು ನನಗೆ ಕಲಿಸಿದವಳೂ ಅವಳೇ. ಮೊದಲ ಪಾಠ ಇಷ್ಟೇ: ಹೊಲಿಗೆಯ ಗೆರೆಯಿಂದ ಆಚೆಗೆ ಎರಡು ಬೆರಳು ಬಟ್ಟೆ ಬಿಟ್ಟು ಕತ್ತರಿಸು. ಉಟ್ಟವರು ನಾಳೆ ದಪ್ಪವಾದರೆ ಹೊಲಿಗೆ ಬಿಚ್ಚಿ ಅಗಲ ಮಾಡಬಹುದು, ಬಿಡದಿದ್ದರೆ ಬಟ್ಟೆ ಕಸಕ್ಕೆ. ಯಾರ ಬೆರಳು ಎಂದು ಕೇಳಿದರೆ "ನಂದು, ನಿನ್ನ ಕಡ್ಡಿ ಬೆರಳಲ್ಲ" ಎನ್ನುತ್ತಿದ್ದಳು. ಅವಳ ಬೆರಳು ನನ್ನದಕ್ಕಿಂತ ದಪ್ಪ.

ಆಮೇಲೆ ಅಕ್ಕ ದ್ವೀಪದವನೊಬ್ಬನನ್ನು ಮೆಚ್ಚಿ ಮದುವೆಗೆ ನಿಂತಳು. ಅಂಗಡಿ ನಿನಗೇ ಇರಲಿ ಅಂದಳು. ನನಗೆ ಮೈಯೆಲ್ಲ ಉರಿಯಿತು. ಹದಿನಾರು ವರ್ಷ ಒಂದೇ ಮೇಜಿನ ಎರಡು ಬದಿಗೆ ಕೂತು ಹೊಲಿದವರು ನಾವು. ಎಲ್ಲಿಂದಲೋ ಬಂದವನ ಹಿಂದೆ ಹಾಗೆ ಎದ್ದು ಹೋಗುವುದೇ? ಆದರೂ ಮದುವೆಯ ಉಡುಪು ನಾನೇ ಹೊಲಿಯುತ್ತೇನೆ ಎಂದೆ. ಗಿಳಿಹಸಿರು ರೇಷ್ಮೆ. ಹೊಲಿದೆ ಕೂಡ, ಒಂದು ಸುಕ್ಕಿಲ್ಲದ ಹಾಗೆ. ಮದುವೆಯ ಬೆಳಿಗ್ಗೆ ಅದು ಅವಳ ಮೈಗೆ ಹಿಡಿಯಲಿಲ್ಲ. ಅಳತೆ ಕೊಟ್ಟ ಮೇಲೆ ಒಂದು ತಿಂಗಳಲ್ಲಿ ತುಸು ತುಂಬಿಕೊಂಡಿದ್ದಳು. ಅಕ್ಕ ನಗುತ್ತಲೇ, "ಪರವಾಗಿಲ್ಲ, ಬಿಚ್ಚಿ ಅಗಲ ಮಾಡೋಣ" ಎಂದು ಉಡುಪಿನ ಒಳಮೈ ತಿರುಗಿಸಿ ನೋಡಿದಳು. ಒಳಗೆ ಬಟ್ಟೆಯೇ ಇರಲಿಲ್ಲ. ಎರಡೂ ಬದಿಯಲ್ಲಿ ಹೊಲಿಗೆಯ ಪಕ್ಕಕ್ಕೇ ಕತ್ತರಿ ಆಡಿತ್ತು.

"ಮರೆತೆ" ಎಂದೆ.

"ಇಲ್ಲ, ಮರೆತಿಲ್ಲ ನೀನು" ಎಂದಳು. "ನಿಜ ಹೇಳೋ ದಿನ ನನ್ನ ಮಾತಾಡ್ಸು."

ಹಳೆಯ ಬಟ್ಟೆಯಲ್ಲೇ ಮದುವೆಯಾಗಿ ಹಡಗು ಹತ್ತಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಎರಡು ಬೆರಳು ಬಟ್ಟೆಗೆ ಹೋಯಿತು. ಕಳೆದ ವರ್ಷ ಭಾವ ತೀರಿಕೊಂಡ ಸುದ್ದಿ ಯಾರಿಂದಲೋ ತಿಂಗಳು ಕಳೆದು ಬಂತು. ನಾಲ್ಕು ಕಾಗದ ಬರೆದೆ, ನಾಲ್ಕನ್ನೂ ಹರಿದೆ. ಬಾಯಿ ಜೋರಿದ್ದವರಿಗೆ ಒಂದು ಮಾತು ಮಾತ್ರ ಹೊರಡುವುದಿಲ್ಲ ನೋಡಿ.

"ದ್ವೀಪಕ್ಕೆ ಹೋಗೋಣ" ಎಂದೆ ಫೋಟೊ ನೋಡಿದ ದಿನ.

ನಮ್ಮನೆಯವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಮೊದಲು ಫೋನ್ ಮಾಡಿ ತಪ್ಪಾಯ್ತು ಅನ್ನು. ಆಮೇಲೆ ಹೋಗೋಣ."

"ಫೋನಲ್ಲಿ ಹೇಳಿದ್ರೆ ಇಟ್ಟುಬಿಡ್ತಾಳೆ. ಗಿರಾಕಿ ಥರ ಹೋಗ್ತೀನಿ. ಬಾಗಿಲಿಗೆ ಬಂದ ಗಿರಾಕಿನ ಯಾರಾದ್ರೂ ಆಚೆ ಹಾಕ್ತಾರಾ? ಹಾಕಿದ್ರೂ ಈ ಕಾಲದಲ್ಲಿ ಹಡಗು ದಿನ ಬಿಟ್ಟು ದಿನ. ಎಲ್ಲಿಗೆ ಕಳಿಸ್ತಾಳೆ?"

"ಧ್ವನಿ ಗುರುತು ಹಿಡೀತಾಳೆ ಕಣೇ."

"ಹನ್ನೊಂದು ವರ್ಷ ಆಯ್ತು ರೀ. ಧ್ವನಿ ಬದಲಾಗಿದೆ." ನನ್ನ ಲೆಕ್ಕಾಚಾರದಲ್ಲಿ ಒಂದು ತೂತೂ ಇರಲಿಲ್ಲ. ಬೇರೆ ತಿಂಗಳಲ್ಲಿ ಹೋದರೆ ಆರು ಕೋಣೆಯಲ್ಲೂ ಜನ, ಅಕ್ಕನಿಗೆ ನಿಂತು ಮಾತಾಡಲು ಬಿಡುವಿಲ್ಲ. ಈಗಾದರೆ ಅವಳು, ನಾನು, ಮಳೆ. ಮಧ್ಯೆ ನಮ್ಮನೆಯವರು, ಅವರನ್ನು ಒಂದು ಕೆಟ್ಟ ಫ್ಯಾನಿನ ಮುಂದೆ ಕೂರಿಸಿದರೆ ಸಂಜೆಯವರೆಗೆ ಸದ್ದಿಲ್ಲ.

ಮರುದಿನವೇ ಅಂಗಡಿಯಿಂದ ಫೋನ್ ಮಾಡಿದೆ. ಮೂರನೇ ರಿಂಗಿಗೆ ಎತ್ತಿದಳು. ಅದೇ ಧ್ವನಿ, ಸ್ವಲ್ಪ ಒಡೆದಿತ್ತು. ನಾನು ದೊಡ್ಡ ಮನೆಯ ಹೆಂಗಸಿನ ಹಾಗೆ, "ಕೋಣೆ ಬೇಕಿತ್ತು, ಗಂಡ ಹೆಂಡತಿ, ಏಳು ದಿನಕ್ಕೆ" ಎಂದೆ.

"ಈ ಕಾಲದಲ್ಲಾ? ಬರೀ ಗಾಳಿ, ಮಳೆ. ಸಮುದ್ರಕ್ಕೆ ಇಳಿಯೋಕೂ ಬಿಡಲ್ಲ."

"ನಮಗೆ ಮಳೆ ಇಷ್ಟ."

"ಯಾರ ಹೆಸರಲ್ಲಿ ಬರ್ಕೊಳ್ಳಲಿ?"

"ಮೆಕ್ಯಾನಿಕ್ ಅಂತ ಬರ್ಕೊಳ್ಳಿ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕೈಯಲ್ಲಿ ಆ ಫೋಟೊ ಇತ್ತು, ಆರು ಕಿಟಕಿಯ ಪರದೆಗಳೂ ಒಂದೊಂದು ಉದ್ದಕ್ಕೆ ಇಳಿಬಿದ್ದಿದ್ದವು. ಅದನ್ನು ನೋಡಿ ಸುಮ್ಮನಿರಲು ನನ್ನಿಂದಾಗಲಿಲ್ಲ. "ಕಿಟಕಿ ಎಷ್ಟು ಅಗಲ ಇದೆ?" ಎಂದು ಕೇಳಿಯೇಬಿಟ್ಟೆ.

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು.

"ಮೂರೂವರೆ ಅಡಿ" ಎಂದಳು. "ಉದ್ದ ನಾಲ್ಕೂಕಾಲು."

ಫೋನ್ ಇಟ್ಟು ನಮ್ಮನೆಯವರ ಕಡೆ ಗೆದ್ದವಳ ಹಾಗೆ ನೋಡಿದೆ. "ಗೊತ್ತಾಗಲೇ ಇಲ್ಲ" ಎಂದೆ. ಅವರು ಯಂತ್ರಕ್ಕೆ ಎಣ್ಣೆ ಬಿಟ್ಟರು.

ತಯಾರಿ ಜೋರಾಯಿತು. ಎರಡು ಮಳೆಕೋಟು ನಾನೇ ಹೊಲಿದೆ. ಫೋಟೊ ನೋಡಿ ನೀಲಿ ಸಮುದ್ರದ ಆಸೆ ಹತ್ತಿದ್ದ ನಮ್ಮನೆಯವರು ಕಪ್ಪು ಕನ್ನಡಕ ಕೊಂಡು ತಂದರು. ಮಳೆಯಲ್ಲಿ ಅದನ್ನು ಹಾಕಿಕೊಂಡು ಯಾವ ಕಲ್ಲಿಗೆ ಎಡವುತ್ತೀರಿ ಎಂದು ಕೇಳಿದರೆ, "ನೀನು ವೇಷ ಹಾಕಿಲ್ವಾ, ಹಾಗೇ ನಾನೂ" ಎಂದರು. ಕೆಲವೊಮ್ಮೆ ಈ ಮನುಷ್ಯ ಸರಿಯಾಗಿ ಮಾತಾಡುತ್ತಾರೆ.

ವಾರ ಬಿಟ್ಟು ಇನ್ನೊಮ್ಮೆ ಫೋನ್ ಮಾಡಿದೆ. ಸಮುದ್ರದ ಕಡೆಯ ಕೋಣೆ ಕೊಡಿ ಎಂದೆ.

"ಬೇಡ, ಅಂಗಳದ ಕಡೆಯದು ತಗೊಳ್ಳಿ. ಆ ಕಡೆ ಗಾಳಿಗೆ ರಾತ್ರಿಯೆಲ್ಲ ಬಾಗಿಲು ಬಡೀತಿರುತ್ತೆ. ಸೂಜಿ ಬಿದ್ರೂ ಎಚ್ಚರ ಆಗುತ್ತೆ ನಿಮಗೆ."

ವಸತಿಗೃಹದವರು ಎಲ್ಲರಿಗೂ ಹೀಗೇ ಹೇಳುತ್ತಾರೆ ಎಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ. ಕುಡಿಯುವಾಗ ಅದಕ್ಕೂ ಎಷ್ಟು ಧೈರ್ಯವಿರುತ್ತದೋ ಏನೋ. ಯಾವ ದಿನ ಬರುವುದು, ಯಾವ ದಿನ ಹೊರಡುವುದು ಎಂದು ತಾರೀಖು ಒಪ್ಪಿಸಿದೆ. ಬೆಳಿಗ್ಗೆ ರೈಲು, ಮಧ್ಯಾಹ್ನ ಹಡಗು, ನಡುವೆ ಒಂದೂವರೆ ಗಂಟೆ. ವಾಪಸು ಬಂದ ಮರುದಿನವೇ ಅಂಗಡಿ. ಎಲ್ಲ ಅಳೆದಿಟ್ಟ ಹಾಗಿತ್ತು.

"ತೀರ ಬಿಗಿ ಆಯ್ತು" ಎಂದಳು ಅವಳು. "ಗಾಳಿ ಎದ್ರೆ ಹಡಗು ನಿಲ್ಲಿಸ್ತಾರೆ. ಆ ಕಡೆ ಒಂದು ದಿನ, ಈ ಕಡೆ ಒಂದು ದಿನ ಬಿಟ್ಕೊಳ್ಳಿ. ಯಾವುದಕ್ಕೇ ಆಗಲಿ, ಒಳಗೆ ಸ್ವಲ್ಪ ಬಿಡಬೇಕು. ಬಿಡದೇ ಇದ್ರೆ ಆಮೇಲೆ ಬಿಚ್ಚಿ ನೋಡಿದಾಗ ಏನೂ ಇರಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಮುಟ್ಟಿಕೊಳ್ಳಲೂ ಇಲ್ಲ, ಫೋನನ್ನು ಹಾಗೇ ಇಟ್ಟುಬಿಟ್ಟೆ. ನಮ್ಮನೆಯವರು ಏನಾಯಿತು ಎಂದರು. "ಲೈನ್ ಕಟ್ ಆಯ್ತು" ಎಂದೆ. 'ಮರೆತೆ' ಅಂದ ಹಾಗೇ ಮತ್ತೊಂದು ಸುಳ್ಳು.

ಮೂರು ದಿನ ಕೆಲಸ ಮಾಡಿದೆ, ಮಾತಾಡಲಿಲ್ಲ. ಎದುರಂಗಡಿಯವರೂ ಬಂದು, ಹುಷಾರಿಲ್ವಾ ಎಂದು ವಿಚಾರಿಸಿ ಹೋದರು. ನಾನು ಯೋಚಿಸುತ್ತಿದ್ದದ್ದು ಒಂದೇ: ಗಿರಾಕಿಯ ವೇಷದಲ್ಲಿ ಬಾಗಿಲವರೆಗೆ ಹೋಗಬಹುದು, ಒಳಗೆ ಹೋಗಲಾಗುವುದಿಲ್ಲ. ಅಲ್ಲಿ ಹೋಗಿ ಕೂತು, ಎದುರಿಗೆ ಅವಳು ಚಹಾ ಇಟ್ಟಾಗ ನಾನು ಮತ್ತೆ 'ಮರೆತೆ' ಅಂದರೆ? ಅಂದೇ ಅನ್ನುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಏಳು ದಿನ ಮಳೆ ನೋಡಿಕೊಂಡು ವಾಪಸು ಬರುತ್ತೇನೆ, ಅಷ್ಟೆ. ನನಗೆ ದ್ವೀಪ ಬೇಕಿರಲಿಲ್ಲ. ನನಗೆ ಅಕ್ಕ ಬೇಕಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಅಂಗಡಿ ತೆಗೆದವಳೇ, ಕಸ ಕೂಡ ಹೊಡೆಯದೆ, ನಿಂತುಕೊಂಡೇ ಫೋನ್ ಮಾಡಿದೆ. ನಮ್ಮನೆಯವರು ಹೊರಗೆ ಹೋಗಲು ಎದ್ದರು. "ಇರ್ರೀ, ನೀವೂ ಕೇಳಿ" ಎಂದೆ.

"ಹಲೋ" ಎಂದಳು.

"ಅಕ್ಕಾ, ನಾನು. ಮರೆತಿದ್ದಲ್ಲ. ನೀನು ತುಂಬಿಕೊಳ್ತಿರೋದು ನೋಡಿ, ಬೇಕು ಅಂತಲೇ ಕತ್ತರಿಸಿದೆ. ನೀನು ಬಿಟ್ಟು ಹೋಗ್ತೀಯಲ್ಲ ಅಂತ ಹೊಟ್ಟೆ ಉರಿ. ನಿನ್ನ ಮದುವೆ ಹಾಳಾಗಲಿ ಅಂತಲ್ಲ, ಒಂದು ದಿನ ತಡ ಆಗಲಿ ಅಂತ. ತಪ್ಪು ನಂದೇ. ಭಾವ ಹೋದಾಗಲೂ ಬರಲಿಲ್ಲ, ಅದೂ ನಂದೇ ತಪ್ಪು."

ಒಂದೇ ಉಸಿರಿಗೆ ಹೇಳಿದೆ. ಆಮೇಲೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಆ ಕಡೆಯಿಂದ ತಗಡಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು.

"ಕಿಟಕಿ ಅಳತೆ ಕೇಳೋ ಗಿರಾಕಿ ಭೂಮಿ ಮೇಲೆ ಇನ್ಯಾರಿದ್ದಾರೆ?" ಎಂದಳು ಅಕ್ಕ. "ಅವತ್ತೇ ಗೊತ್ತಾಯ್ತು. ಹೇಳ್ತಾಳೋ ಇಲ್ವೋ ನೋಡೋಣ ಅಂತ ಸುಮ್ನಿದ್ದೆ."

"ಹೇಳದೇ ಇದ್ದಿದ್ರೆ?"

"ಅರ್ಧ ದರ ತಗೊಂಡು ಕಳಿಸ್ತಿದ್ದೆ."

ನಾನು ನಕ್ಕೆ, ಅಳುವೂ ಬಂತು. ನಮ್ಮನೆಯವರು ಕಪ್ಪು ಕನ್ನಡಕ ಹಾಕಿಕೊಂಡು ಬೀದಿ ನೋಡುತ್ತಿದ್ದರು.

"ಆ ಹಸಿರು ಬಟ್ಟೆ ಇನ್ನೂ ಪೆಟ್ಟಿಗೇಲಿದೆ ಕಣೇ" ಎಂದಳು ಅಕ್ಕ. "ನಿನ್ನ ಭಾವನಿಗೆ ಒಂದು ಸಲ ಉಟ್ಟು ತೋರಿಸಬೇಕು ಅಂತಿತ್ತು. ಆಗಲಿಲ್ಲ. ಈಗ ಉಡೋಣ ಅಂದ್ರೂ ಒಳಗೆ ಬಟ್ಟೆ ಇಲ್ವಲ್ಲ."

ಮೇಜಿನ ಕೆಳಗೆ ನನ್ನ ಗುಂಡಿ ಡಬ್ಬಿ ಇದೆ. ಕಾಲಿನಿಂದ ಎಳೆದು ಮುಚ್ಚಳ ತೆಗೆದೆ. ಗುಂಡಿಗಳ ತಳದಲ್ಲಿ, ಹಳೆಯ ಕಾಗದದಲ್ಲಿ ಸುತ್ತಿದ್ದು, ಗಿಳಿಹಸಿರು ಬಣ್ಣ ಒಂಚೂರೂ ಮಾಸಿರಲಿಲ್ಲ. ಎರಡು ಪಟ್ಟಿ, ಬದಿಗೊಂದು.

"ಕತ್ತರಿಸಿದ್ದು ಎಸೆದಿಲ್ಲ ಅಕ್ಕಾ, ಇಟ್ಕೊಂಡಿದ್ದೀನಿ. ಬದಿಗೆ ಸೇರಿಸಿ ಹೊಲಿದ್ರೆ ಆಗುತ್ತೆ."

"ಎಷ್ಟು ಅಗಲ ಇದೆ?"

"ಎರಡು ಬೆರಳು."

"ಯಾರ ಬೆರಳು?"

"ನಿನ್ನದೇ."

ಅಕ್ಕ ಮೂಗು ಒರೆಸಿಕೊಂಡಳೇನೋ, ಸರಿಯಾಗಿ ಕೇಳಿಸಲಿಲ್ಲ.

"ಹಾಗಾದ್ರೆ ಸಾಲುತ್ತೆ" ಎಂದಳು. "ಬಾ. ಎರಡು ದಿನ ಜಾಸ್ತಿ ಇಟ್ಕೊಂಡೇ ಬಾ."