ಹಾಸಿನ ಆಚೆ ಈಚೆ

ಮಗ್ಗಕ್ಕೆ ಎಳೆ ಪೋಣಿಸುವ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಹಾಸಿನ, ಅಂದರೆ ಮಗ್ಗದ ಉದ್ದೆಳೆಗಳ, ಹಿಂದೆ ಕೂತವಳು ನೂಲನ್ನು ಒಂದೊಂದೇ ಎಳೆಯಾಗಿ ಬಿಡಿಸಿ ಕೊಡಬೇಕು, ಮುಂದೆ ಕೂತವಳು ಮಗ್ಗದಲ್ಲಿ ಸಾಲಾಗಿ ತೂಗುವ ದಾರದ ಕುಣಿಕೆಗಳ ಪುಟ್ಟ ಕಣ್ಣೊಳಗಿಂದ ಕೊಕ್ಕೆ ತೂರಿಸಿ ಅದನ್ನು ಎಳೆದುಕೊಳ್ಳಬೇಕು. ಶಿರಂಗಾಲದ ಸುಧಾ ಮತ್ತು ಅವಳ ವಾರಗಿತ್ತಿ ಅಮೃತಾ ಬೆಳಗಿನಿಂದ ಹಾಗೆ ಕೂತಿದ್ದರು. ಇಬ್ಬರೂ ಕುಶಾಲನಗರದಲ್ಲಿ ಒಟ್ಟಿಗೆ ನೇಯ್ಗೆ ಕಲಿತವರು. ಮುಚ್ಚಿಹೋದ ಸಂಘವೊಂದರ ಹಳೆಯ ಮಗ್ಗವನ್ನು ತಂದು, ಅಮೃತಾಳ ಮನೆಯಲ್ಲಿ ಶುಂಠಿ ಮೂಟೆ ಇಡುತ್ತಿದ್ದ ಕೋಣೆಯಲ್ಲಿ ನಿಲ್ಲಿಸಿ, ತುಕ್ಕು ಉಜ್ಜಿ ಎಣ್ಣೆ ಹಾಕಿದವರೂ ಅವರಿಬ್ಬರೇ. ಮಾರುವುದಕ್ಕೆಂದು ಕಟ್ಟಿದ ಮೊದಲ ಹಾಸು ಅದು.

ಮಧ್ಯಾಹ್ನ ಮಡಿಕೇರಿಯಿಂದ ಅನುಪಮಾ ಬಂದರು. ಪ್ರವಾಸಿಗರಿಗೆ ಬಟ್ಟೆ ಮಾರುವ ಅಂಗಡಿ ಅವರದು; ಈ ಹಾಸಿನ ಬಟ್ಟೆಯನ್ನು ಕೊಳ್ಳುವವರು ಅವರೇ. ಸುಧಾ ಏಳಲಿಲ್ಲ. ಎದ್ದರೆ ಬೆರಳಿನಲ್ಲಿ ಬಿಡಿಸಿ ಹಿಡಿದ ಎಳೆಗಳು ಕಲಸಿಹೋಗುತ್ತಿದ್ದವು.

"ಇವ್ರು ಯಾರು?" ಅನುಪಮಾ ಕೇಳಿದರು.

"ಕೆಲ್ಸದೋರು. ಹೆಲ್ಪಿಗೆ ಬರ್ತಾರೆ," ಅಂದಳು ಅಮೃತಾ. "ಯೂನಿಟ್ ನಂದೇ."

ಸುಧಾಳ ಕಿವಿ ಬಿಸಿಯಾಯಿತು. ಅನುಪಮಾ ಫೋನ್ ಎತ್ತಿ, "ಸ್ವಲ್ಪ ಪಕ್ಕಕ್ಕೆ ಹೋಗಮ್ಮ, ಫೋಟೋದಲ್ಲಿ ಮಗ್ಗ ಮಾತ್ರ ಬರ್ಲಿ," ಅಂದರು. ಸುಧಾ ಎಳೆ ಬಿಡದೆ ಪಕ್ಕಕ್ಕೆ ವಾಲಿದಳು.

ಕಾರಿನ ಸದ್ದು ಅಡಗಿದ ಮೇಲೆ ಸುಧಾ ಕೇಳಿದಳು.

"ನಾನ್ಯಾವತ್ತು ನಿನ್ನ ಹತ್ರ ಕೆಲ್ಸಕ್ಕೆ ಸೇರ್ದೆ?"

"ಇಬ್ರು ಅಂದ್ರೆ ಅವ್ರಿಗೆ ಕನ್‌ಫ್ಯೂಸ್ ಆಗುತ್ತಕ್ಕ. ವ್ಯಾಪಾರ ಅಂದ್ಮೇಲೆ ಒಬ್ರ ಹೆಸ್ರಿರ್ಬೇಕು."

"ಆ ಒಬ್ರು ನೀನೇ ಅಂತ ಯಾರು ತೀರ್ಮಾನ ಮಾಡಿದ್ದು?"

"ನಿಂಗೆ ಮಾತಾಡಕ್ಕೆ ಬರಲ್ವಲ್ಲ."

"ಬರುತ್ತೆ, ಕೇಳು. ನಿನ್ನ ಕೆಲ್ಸದೋಳು ರಜಾ ಹಾಕಿದಾಳೆ." ಸುಧಾ ಎಳೆಗಳನ್ನು ಕೈಬಿಟ್ಟು ಹೊರಟುಹೋದಳು.

ಗೋಡೆಗೆ ಗೋಡೆ ಸೇರಿದ ಮನೆಗಳು. ಮರುದಿನ ಅಮೃತಾ ಒಬ್ಬಳೇ ಹೆಣಗುವುದು ಕೇಳುತ್ತಿತ್ತು. ಹಿಂದೆ ಹೋಗಿ ಎಳೆ ಸಿಕ್ಕಿಸುವಳು, ಮುಂದೆ ಬಂದು ಎಳೆಯುವಳು, ಅದು ಜಾರಿತೆಂದು ಮತ್ತೆ ಹಿಂದಕ್ಕೆ ಓಡುವಳು. ಸುಧಾ ಮುದ್ದೆ ತಿರುವುತ್ತ ಹಲ್ಲು ಕಚ್ಚಿದಳು. ಹೋಗಿ ಕೈಜೋಡಿಸಬೇಕು ಅನ್ನಿಸಿದಷ್ಟೂ ಸಿಟ್ಟು ಏರಿತು.

ಕೊನೆಗೆ ಅಮೃತಾ ಬಂದು ಬಾಗಿಲಲ್ಲಿ ನಿಂತಳು. "ಎಲ್ಲಾ ತಪ್ಪೋಗಿದೆ. ಬಾ ಅಕ್ಕ. ನಾನು ಹಾಗನ್ಬಾರ್ದಿತ್ತು."

"ನಂಗೆ ಹೇಳಿ ಏನು ಬಂತು? ಅವ್ರಿಗೆ ಫೋನ್ ಮಾಡು. ಸ್ಪೀಕರ್ ಹಾಕು."

ಅಮೃತಾಳ ಮುಖ ಕಪ್ಪಿಟ್ಟಿತು. ಆದರೂ ಮಾಡಿದಳು. "ಮೇಡಂ, ನಿನ್ನೆ ಇದ್ರಲ್ಲ, ಅವ್ರು ಕೆಲ್ಸದೋರಲ್ಲ. ನಮ್ಮಕ್ಕ. ಮಗ್ಗ ಇಬ್ರುದೂ. ನಾನು ಸುಳ್ಳು ಹೇಳಿದ್ದೆ."

"ಯಾರು ಇದ್ದಿದ್ದು?" ಅನುಪಮಾ ನೆನಪು ಮಾಡಿಕೊಂಡರು. "ಓ, ಅವ್ರಾ. ಸರಿ ಸರಿ. ಬಟ್ಟೆ ಯಾವಾಗ ಕೊಡ್ತೀರ?"

ಅಷ್ಟೇ. ರಾತ್ರಿಯೆಲ್ಲ ನಿದ್ದೆ ಕೆಡಿಸಿದ ಮಾತು ಆ ಹೆಂಗಸಿಗೆ ನೆನಪೂ ಇರಲಿಲ್ಲ. ಸುಧಾ ಫೋನನ್ನು ಕಿತ್ತುಕೊಂಡಳು.

"ಯಾವಾಗ ಅಂತ ನಾನು ಹೇಳ್ತೀನಿ. ನನ್ನ ಹೆಸ್ರು ಸುಧಾ. ಬರ್ಕೊಳಿ."

ಸಂಜೆಯವರೆಗೆ ಇಬ್ಬರೂ ತಪ್ಪಿದ ಎಳೆಗಳನ್ನು ಕಿತ್ತು ಮತ್ತೆ ಪೋಣಿಸಿದರು. ಅಮೃತಾ ಏನೇನೋ ಮಾತು ತೆಗೆದಳು. ಸುಧಾ ಎಳೆ ಬಿಡಿಸುತ್ತಲೇ ಇದ್ದಳು.

"ಬಾಗ್ಲಿಗೆ ಹಾಕೋ ಬೋರ್ಡಿನ ಮೇಲೆ ಏನು ಬರ್ಸೋಣ ಅಕ್ಕ?"

"ಮೊದ್ಲು ನನ್ನ ಹೆಸ್ರು. ಆಮೇಲೆ ನಿಂದು."

ಅಮೃತಾ ಮುಂದಿನ ಕಣ್ಣಿಗೆ ಕೊಕ್ಕೆ ತೂರಿಸಿದಳು. ಕತ್ತಲಾಗುವ ಮೊದಲು ಹಾಸು ನೇಯುವುದಕ್ಕೆ ಸಿದ್ಧವಾಗಿ ನಿಂತಿತು. ಸುಧಾಳ ಸಿಟ್ಟು ಮಾತ್ರ ಇಳಿದಿರಲಿಲ್ಲ. ದಿನಾ ಮಗ್ಗಕ್ಕೆ ಹೋದಳು, ನೇಯ್ದಳು. ಅಮೃತಾ ತಂದಿಟ್ಟ ಕಾಫಿಯನ್ನು ಮಾತ್ರ ಎಷ್ಟೋ ದಿನ ಮುಟ್ಟಲಿಲ್ಲ.