ಮುರಿಗೆಪ್ಪನವರ ಹನ್ನೆರಡು ಕಾರ್ಡುಗಳು

ಮುರಿಗೆಪ್ಪನವರಿಗೆ ಎಪ್ಪತ್ತೈದು ತುಂಬಿದಾಗ ಲಂಡನ್ನಿನ ಕ್ರೋಯ್ಡನ್ ಬಡಾವಣೆಯ ಕನ್ನಡಿಗರೆಲ್ಲ ಸೇರಿ ಸನ್ಮಾನ ಮಾಡಲು ಹೊರಟರು. ಇಪ್ಪತ್ತು ವರ್ಷ ನಮ್ಮ ಭಾನುವಾರದ ಕ್ರಿಕೆಟ್ ತಂಡಕ್ಕೆ ಸ್ಪಿನ್ ಹಾಕಿದವರು ಅವರು. ಆಡುತ್ತಿದ್ದ ಕಾಲದಲ್ಲೇ ತಂಡದವರು ಅವರ ಆಟದ ಫೋಟೋಗಳನ್ನು ಹನ್ನೆರಡು ಪುಟ್ಟ ಕಾರ್ಡುಗಳಾಗಿ ಅಚ್ಚು ಹಾಕಿಸಿದ್ದರು. ಪೂರ್ತಿ ಸೆಟ್ಟು ಉಳಿದಿದ್ದು ನಮ್ಮ ಮನೆಯಲ್ಲಿ ಮಾತ್ರ.

ಸನ್ಮಾನಕ್ಕೆ ಅವುಗಳನ್ನೇ ಹೊಸ ರೂಪದಲ್ಲಿ ಅಚ್ಚು ಹಾಕಿಸುತ್ತೇನೆಂದು ಮುರಿಗೆಪ್ಪನವರ ಮೊಮ್ಮಗಳು ಸಾನ್ವಿ ಬಂದಳು. ನಮ್ಮ ಯಜಮಾನರು ಉಮಾಶಂಕರ ಎರಡೂ ಕೈಯಿಂದ ಕೊಟ್ಟರು. ಆ ಇಪ್ಪತ್ತು ವರ್ಷವೂ ವಿಕೆಟ್ಟಿನ ಹಿಂದೆ ಕೂತವರು ಇವರು. ಮುರಿಗೆಪ್ಪನವರ ಚೆಂಡಿಗೆ ಮೋಸಹೋಗಿ ಮುಂದೆ ಬಂದವರನ್ನೆಲ್ಲ ಸ್ಟಂಪ್ ಮಾಡಿದವರು. ಒಂಬತ್ತು ಕಾರ್ಡುಗಳಲ್ಲಿ ಇಬ್ಬರೂ ಇದ್ದರು.

"ನನ್ನ ಹೆಸರೂ ಸಣ್ಣಗ ಒಂದ್ ಕಡೆ ಹಾಕವ್ವ," ಎಂದರು. ಇವರು ಯಾರ ಬಳಿಯೂ ಏನೂ ಕೇಳಿದವರಲ್ಲ.

ಸನ್ಮಾನದ ದಿನ ಅರ್ಧ ಗಂಟೆ ಮೊದಲೇ ಹೋದೆವು. ಬಡಿಸುತ್ತಿದ್ದ ಕುಂದಾಪುರದ ಶರ್ಮಿಳಾ ಚೆಂಡು ಹಿಡಿದು ಹಿಡಿದು ಸೊಟ್ಟಗಾದ ಇವರ ಬೆರಳುಗಳನ್ನು ನೋಡಿದಳು. ಏನೂ ಕೇಳದೆ ದೋಸೆಯನ್ನು ತುಂಡು ಮಾಡಿ, ತಟ್ಟೆಯಲ್ಲಿ ಚಮಚ ಇಟ್ಟಳು.

ಹೊಸ ಕಾರ್ಡುಗಳು ಬಂದವು. ಹನ್ನೆರಡರಲ್ಲೂ ಮುರಿಗೆಪ್ಪನವರೊಬ್ಬರೇ. ಇವರಿದ್ದ ಜಾಗದಲ್ಲಿ ಚಿನ್ನದ ಬಣ್ಣದ ಗೆರೆಗಳು. ಇವರು ಒಂದೊಂದನ್ನೂ ತಿರುಗಿಸಿ ಹಿಂಬದಿ ಓದಿದರು.

"ಇವರ ಹೆಸರು ಎಲ್ಲೈತವ್ವಾ?" ಎಂದು ಸಾನ್ವಿಯನ್ನು ಕೇಳಿದೆ.

"ಹಾಕಿದ್ದೆ ಅಜ್ಜಿ, ರಿಯಲಿ. ನಮ್ಮಜ್ಜನೇ ಬೇಡ ಅಂದ್ರು. ಸಾರಿ." ಹುಡುಗಿಯ ಕಣ್ಣು ತುಂಬಿತ್ತು.

ಕಾರ್ಡಿಗೆ ಸಹಿ ಹಾಕಿಸಿಕೊಳ್ಳಲು ಜನ ಸಾಲು ನಿಂತಿದ್ದರು. ಇವರೂ ನಿಂತರು.

"ಏನೋ ಮುರಿಗ್ಯಾ, ಇದರಾಗ ನಾ ಎಲ್ಲಿ ಹೋದ್ನೋ?"

"ಹುಚ್ಚಾ, ನೀ ಮನಿ ಮನಷ್ಯಾ! ಮನಿ ಮಂದಿ ಹೆಸರು ಯಾರರ ಅಚ್ಚು ಹಾಕಸ್ತಾರೇನು?"

"ಲಗ್ನಪತ್ರಿಕಿಯಾಗ ತೊಟ್ಟಿಲ ಕೂಸಿನ ಹೆಸರೂ ಬಿಡೂದಿಲ್ಲಲ್ಲೋ ನಾವು."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮುರಿಗೆಪ್ಪನವರು. ನಗುತ್ತಲೇ ಇವರ ಹಿಂದಿದ್ದವರ ಕಾರ್ಡಿಗೆ ಕೈ ಚಾಚಿದರು.

ಇವರು ತಮ್ಮ ಕಾರ್ಡನ್ನು ಮೇಜಿನ ಮೇಲೆ ಬಿಟ್ಟು ನನ್ನ ಬಳಿ ಬಂದರು. "ನಡಿ, ಟ್ರಾಮಿಗೆ ಹೊತ್ತಾತು."

ಟ್ರಾಮು ಹತ್ತು ನಿಮಿಷಕ್ಕೊಂದು ಇತ್ತು. ನಾನು ಕೋಟು ತಂದುಕೊಟ್ಟೆ.