ಟೈರು ಮೇಲ್ಬದಿಗೆ

ನಮ್ಮ ಮಾವ ಸಿದ್ದಯ್ಯನವರಿಗೆ ಕಾರು ಓಡಿಸುವುದಕ್ಕಿಂತ ಬಿಚ್ಚುವುದರಲ್ಲೇ ಹೆಚ್ಚು ಸುಖ ಎಂದು ಅತ್ತೆ ಕೆಂಪಾಜಮ್ಮ ಹೇಳುತ್ತಿದ್ದರು. ಅದು ಎಪ್ಪತ್ತನಾಲ್ಕರ ಅಂಬಾಸಡರ್. ಗುಂಡ್ಲುಪೇಟೆ ಕಡೆಯಿಂದ ನೀಲಗಿರಿ ಬೆಟ್ಟದ ಸೋಲೂರಿಗೆ ಬಂದು ನೆಲೆ ನಿಂತು, ಕ್ಯಾರೆಟ್ಟು ಆಲೂಗಡ್ಡೆ ವ್ಯಾಪಾರ ಮಾಡಿ, ಮಾವ ತಮ್ಮ ಖುಷಿಗೆಂದು ಕೊಂಡ ಒಂದೇ ಒಂದು ವಸ್ತು. ಅದನ್ನು ಯಾವ ಮೆಕ್ಯಾನಿಕ್ಕಿನ ಕೈಗೂ ಕೊಟ್ಟವರಲ್ಲ. ತಾವೇ ಬಿಚ್ಚುವರು, ತಾವೇ ಕಟ್ಟುವರು, ಉಳಿದ ನಟ್ಟುಗಳನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕಿ ಮುಚ್ಚುವರು.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಅವರಿಗೆ ಮರೆವು ಶುರುವಾಯಿತು. ಊಟ ಮಾಡಿ ಕೈ ತೊಳೆದವರು ಊಟಕ್ಕೆ ಬಡಿಸಿ ಎನ್ನುವರು. ಮೊದಮೊದಲು ನಗುತ್ತಿದ್ದೆವು. ಒಂದು ದಿನ ಕಾರಿನಲ್ಲಿ ಊಟಿ ಮಾರ್ಕೆಟ್ಟಿಗೆ ಹೋದವರು ಬಸ್ಸಿನಲ್ಲಿ ಮನೆಗೆ ಬಂದರು. ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ನಿಂತು ಕಾರು ಕಳ್ಳತನವಾಗಿದೆ ಎಂದು ಕೇರಿಯನ್ನೆಲ್ಲ ಎಬ್ಬಿಸಿದರು. ಆಮೇಲೆ ಯಾರೂ ನಗಲಿಲ್ಲ.

"ಗೂಡಲೂರಿನವರೊಬ್ರು ಕೇಳ್ತಾ ಇದಾರೆ. ಮಾರಿಬಿಡೋಣ ಅಪ್ಪ," ಎಂದರು ನನ್ನ ಗಂಡ ಜಗದೀಶ್.

ಮಾವ ತಲೆ ಎತ್ತಲಿಲ್ಲ. "ಕಾಲಂ ಲಟಲಟ ಅಂತದೆ. ಒಳಗಿನ ಬುಷ್ ಸವ್ದದೆ. ನಾನೇ ಬಿಚ್ಚಿ ನಾನೇ ಕೂರುಸ್ತೀನಿ. ಸರಿಯಾಗಿ ಕೂರುಸ್ದೆ ಅಂದ್ರೆ ನನ್ ತಲೆನೂ ಸರಿಯಾಗೇ ಅದೆ ಅಂತ ನೀವೆಲ್ಲ ಒಪ್ಕೋಬೇಕು. ಇಲ್ದಿದ್ರೆ ಕಾರೂ ಮಾರು, ನನ್ನೂ ಒಂದು ಮೂಲೇಲಿ ಕೂರ್ಸು."

ಜಗದೀಶ್ ಒಪ್ಪಿದರು. ಒಪ್ಪದೆ ಇನ್ನೇನು ಮಾಡುತ್ತಾರೆ, ಅಪ್ಪನ ಮುಖ ಹಾಗಿತ್ತು. ಅಂದಿನಿಂದ ಅಂಬಾಸಡರಿನ ಕಾಲಂ ಎಂದರೆ ನಮ್ಮ ಮನೆಯಲ್ಲಿ ಮಾವನ ತಲೆ ಎಂದೇ ಅರ್ಥವಾಯಿತು.

ನಾನು ರೂಪಶ್ರೀ, ಊರಿನ ಶಾಲೆಯಲ್ಲಿ ಟೀಚರು. ಅಕ್ಷರ ದುಂಡಗಿದೆ, ತಪ್ಪು ಕಂಡರೆ ಸಹಿಸುವುದಿಲ್ಲ ಎಂಬ ಹೆಸರು ಬೇರೆ. ಆದ್ದರಿಂದ ಬಿಚ್ಚುವಾಗ ಒಂದೊಂದನ್ನೂ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು. ಮಾವ ಸೀಟಿನ ಕೆಳಗೆ ತಲೆ ತೂರಿಸಿ ಕೂಗುವರು, ನಾನು ಹಳೆಯ ಕಾಪಿ ಪುಸ್ತಕದಲ್ಲಿ ಬರೆಯುವೆ. ಕಾಲಂ ಎಂದರೆ ಸ್ಟಿಯರಿಂಗಿನಿಂದ ಕೆಳಗಿಳಿಯುವ ಉದ್ದನೆಯ ಕೊಳವೆ, ಅದರೊಳಗೊಂದು ದಂಡ; ದಂಡ ಅಲುಗದಂತೆ ಹಿಡಿಯುವ ಬಳೆಯೇ ಬುಷ್. ದಂಡದ ತುದಿಯಲ್ಲಿ ಸಣ್ಣ ಹಲ್ಲುಗಳಿರುತ್ತವೆ. ಅದನ್ನು ಕೆಳಗಿನ ಹಲ್ಲಿಗೆ ಕೂರಿಸಿ ಬೋಲ್ಟು ಬಿಗಿಯಬೇಕು. ಯಾವ ಹಲ್ಲಿಗೆ ಯಾವ ಹಲ್ಲು ಎನ್ನುವುದರಲ್ಲೇ ಎಲ್ಲ ಇದೆ.

ಸ್ಟಿಯರಿಂಗ್ ಇದ್ದ ಜಾಗ ತಪ್ಪದಿರಲಿ ಎಂದು ಮಾವ ನನ್ನ ಉಗುರುಬಣ್ಣ ಕೇಳಿ ಪಡೆದು, ದಂಡಕ್ಕೊಂದು ಗೆರೆ, ಅದರ ನೇರಕ್ಕೆ ಕೊಳವೆಗೊಂದು ಗೆರೆ ಎಳೆದರು. ಕೆಳಗೆ ಹಲ್ಲುಗಳ ಹತ್ತಿರ ಮಾತ್ರ ಗ್ರೀಸಿನಿಂದಾಗಿ ಬಣ್ಣ ನಿಲ್ಲಲಿಲ್ಲ.

"ಓಗ್ಲಿ ಬುಡು. ಟೈರು ಯಾವ ಕಡೀಕೆ ತಿರುಗ್ಯದೆ ನೋಡಿ ಬರ್ಕೊ ಕನವ್ವ. ಅಷ್ಟಿದ್ರೆ ಸಾಕು."

ಬಗ್ಗಿ ನೋಡಿದೆ. ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವವರೆಲ್ಲ ಮಾಡುವಂತೆ ಮಾವ ಮುಂದಿನ ಟೈರುಗಳನ್ನು ದಿಬ್ಬದ ಕಡೆಗೆ ಪೂರ್ತಿ ತಿರುಗಿಸಿದ್ದರು. ನಾನು ದುಂಡಗೆ ಬರೆದೆ: "ಟೈರು ಮೇಲ್ಬದಿಗೆ, ಪೂರ್ತಿ."

ಬಯಲುಸೀಮೆಯವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಸಮನೆಲ ಎಂಬುದೇ ಇಲ್ಲ, ಆದ್ದರಿಂದ ಎಡ ಬಲ ಎಂಬುದೂ ಇಲ್ಲ. ಬೆಟ್ಟದ ಕಡೆಯದೆಲ್ಲ ಮೇಲ್ಬದಿ, ಹಳ್ಳದ ಕಡೆಯದೆಲ್ಲ ಕೆಳಬದಿ. ಮೇಲ್ಬದಿಯ ಬಾಗಿಲು ಹಾಕು, ಕೆಳಬದಿಯ ಒಲೆ ಉರಿಸು. ಅತ್ತೆಯಂತೂ ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗಿ "ಮೇಲ್ಬದಿ ಕಾಲು" ಎಂದು ಹೇಳಿ ಬಂದವರು. ಡಾಕ್ಟರು ಕೊಯಮತ್ತೂರಿನವರು, ಪಾಪ, ಎರಡೂ ಕಾಲಿಗೆ ಮುಲಾಮು ಬರೆದುಕೊಟ್ಟರು.

ಹೊಸ ಬುಷ್ ಕಡೆದುಕೊಡುತ್ತೇನೆಂದ ಊಟಿಯ ಲೇತ್ ಅಂಗಡಿಯ ಆರುಮುಗಂ ಇವತ್ತು ನಾಳೆ ಎಂದು ಮೂರು ವಾರ ಎಳೆದ. ಈ ನಡುವೆ ಪಕ್ಕದ ಮನೆಯ ಭೋಜನ್ ಇಟ್ಟಿಗೆ ತರಿಸಿದರು. ಲಾರಿ ಒಳಬರಬೇಕಾದರೆ ನಮ್ಮ ಕಾರು ಅಂಗಳ ಬಿಡಬೇಕು. ಸ್ಟಿಯರಿಂಗೇ ಇಲ್ಲದ ಕಾರನ್ನು ತಳ್ಳುವುದು ನೋಡುವಂಥ ದೃಶ್ಯ. ಹಿಂದೆ ನಾಲ್ಕು ಜನ ನೂಕುವುದು, ಮುಂದೆ ಭೋಜನ್ ಟೈರಿಗೆ ಒದ್ದು ಒದ್ದು ದಾರಿ ತೋರಿಸುವುದು, ಪ್ರತಿ ಒದೆತಕ್ಕೂ "ಒಳ್ಳಿತ್ತು, ಒಳ್ಳಿತ್ತು" ಎಂದು ತಮ್ಮ ಬಡಗ ನುಡಿಯಲ್ಲಿ ಭೇಷ್ ಎನ್ನುವುದು. ಇಟ್ಟಿಗೆ ಇಳಿಸಿದ ಮೇಲೆ ಹಾಗೆಯೇ ತಳ್ಳಿ ಒಳಗೆ ತಂದು ಬಿಟ್ಟರು. ಮಾವ ಯಾವಾಗಲೂ ಕಾರಿನ ಮೂತಿಯನ್ನು ಗೇಟಿನ ಕಡೆಗಿಟ್ಟು ನಿಲ್ಲಿಸುತ್ತಿದ್ದರು. ಈಗ ಮೂತಿ ಮನೆಯ ಕಡೆಗಿತ್ತು. ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ, ನನಗೂ ಕಾಣಲಿಲ್ಲ.

ಬುಷ್ ಬಂತು. ಮಾವ ಅದನ್ನು ಬಟ್ಟೆಯಲ್ಲಿ ಒರೆಸಿ, ಗ್ರೀಸು ಸವರಿ, ತಟ್ಟಿ ತಟ್ಟಿ ಕೂರಿಸಿದರು. ಸ್ಟಿಯರಿಂಗಿನ ಗೆರೆಗೆ ಗೆರೆ ಹೊಂದಿಸಿ ಹಗ್ಗದಲ್ಲಿ ಕಟ್ಟಿ, "ಓದವ್ವ, ಟೈರು ಯಾವ ಕಡೀಕೆ?" ಎಂದರು. ನಾನು ಪಾಠ ಓದುವ ಹಾಗೆ ಸ್ಪಷ್ಟವಾಗಿ ಓದಿದೆ. ಟೈರುಗಳನ್ನು ದಿಬ್ಬದ ಕಡೆಗೆ ಪೂರ್ತಿ ತಿರುಗಿಸಿದರು. ಹಲ್ಲು ಹಲ್ಲಿಗೆ ಕೂತಿತು, ಬೋಲ್ಟು ಬಿಗಿಯಿತು. ಅಲುಗಿಸಿ ನೋಡಿದರು. ಲಟಲಟ ಇಲ್ಲವೇ ಇಲ್ಲ. ಮಾವನ ಮುಖದಲ್ಲಿ ಎಷ್ಟೋ ತಿಂಗಳಿನಿಂದ ಕಾಣದ ನಗು ಬಂತು.

ಭಾನುವಾರ ಬೆಳಿಗ್ಗೆ ಪರೀಕ್ಷೆ. ಭೋಜನ್ ಬಂದರು, ಕೇರಿಯ ಅರ್ಧ ಜನ ಬಂದರು. ಮಾವ ಬಿಳಿ ಅಂಗಿ ತೊಟ್ಟು ಕೂತರು. ಕಾರು ಹಿಂದೆ ಸರಿದು, ಗೇಟು ದಾಟಿ, ಇಳಿಜಾರಿನ ಎರಡು ತಿರುವುಗಳನ್ನು ಸೊಗಸಾಗಿ ಇಳಿಯಿತು. ಆಮೇಲೆ ಟೀ ತೋಟದ ಪಕ್ಕ ಒಂದು ಸಣ್ಣ ನೇರ ದಾರಿ ಇದೆ. ಅಲ್ಲಿ ಕಾರು ಯಾರೋ ಕರೆದಂತೆ ಮೆಲ್ಲಗೆ ವಾಲಿಕೊಂಡು ಹೋಗಿ ದಿಬ್ಬದ ಬದಿಯ ಚರಂಡಿಗೆ ಇಳಿದು ನಿಂತಿತು.

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಓಡಿ ಹೋದೆವು. ಮಾವನಿಗೆ ಏನೂ ಆಗಿರಲಿಲ್ಲ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಕೂತೇ ಇದ್ದರು. ಅದರ ಅಡ್ಡಕಡ್ಡಿ ಮಟ್ಟಸವಾಗಿ ನೇರಕ್ಕಿತ್ತು. ತಿರುವು ಮುಗಿದ ಮೇಲೆ ಅಡ್ಡಕಡ್ಡಿಯನ್ನು ಮಟ್ಟಕ್ಕೆ ತಂದು ಹಿಡಿಯುವುದು ಅವರ ಕೈಗೆ ಇಪ್ಪತ್ತೈದು ವರ್ಷದ ಅಭ್ಯಾಸ.

"ನಾನು ನೇರಕ್ಕೇ ಇಡ್ಕಂಡಿದ್ದೆ," ಎಂದರು. ಮತ್ತೆ ನಮ್ಮೆಲ್ಲರ ಮುಖ ನೋಡಿ, "ಇಡ್ಕಂಡಿದ್ನಾ?" ಎಂದರು.

ಆ ಕೇಳಿದ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಮಾವ ತಾವೇ ಇಳಿದು ಕಾರಿನ ಕೀಯನ್ನು ಮಗನ ಕೈಗೆ ಕೊಟ್ಟರು. "ನನ್ ತಲೆ ಓಯ್ತು ಕನಪ್ಪ. ಗೂಡಲೂರಿನೋರ್ಗೆ ಬರಕ್ಕೇಳು," ಎಂದು ಒಬ್ಬರೇ ಮನೆಯ ಕಡೆ ಹತ್ತಿದರು.

ಆಮೇಲೆ ಮಾವ ಕ್ಷೌರ ಮಾಡಿಕೊಳ್ಳಲಿಲ್ಲ. ಜಗಲಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ "ಇವತ್ತು ಮಂಗಳವಾರ ತಾನೆ?", "ಇವತ್ತು ಬುಧವಾರ ತಾನೆ?" ಎಂದು ಕೇಳುತ್ತಿದ್ದರು. ಯಾವ ದಿನ ಕೇಳಿದರೂ ವಾರ ಸರಿಯಾಗಿಯೇ ಇರುತ್ತಿತ್ತು. ಹೌದು ಎಂದರೂ ನಂಬುತ್ತಿರಲಿಲ್ಲ. ಹೆಂಡತಿಯ ತವರೂರು, ಕಾರಿನ ನಂಬರು, ಊಟಿ ದಾರಿಯ ಊರುಗಳು, ಎಲ್ಲವನ್ನೂ ಬೆರಳು ಮಡಿಸಿ ಬಾಯಲ್ಲೇ ಒಪ್ಪಿಸಿಕೊಳ್ಳುತ್ತಿದ್ದರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋಗುವರು.

ಗುರುವಾರ ನಾನು ಮೂರನೇ ಕ್ಲಾಸಿಗೆ ಎಡ ಬಲ ಹೇಳಿಕೊಡುತ್ತಿದ್ದೆ. ಮಕ್ಕಳ ಎದುರು ನಿಂತು ನನ್ನ ಎಡಗೈ ಎತ್ತಿದೆ. ಅವರೆಲ್ಲ ತಮ್ಮ ಬಲಗೈ ಎತ್ತಿದರು. ನಾನು ಗದರಿದೆ. ಮುಂದಿನ ಸಾಲಿನ ತೇನ್ಮೊಳಿ ಎದ್ದು ನಿಂತು ತಮಿಳಿನಲ್ಲಿ, "ಟೀಚರ್, ಉಂಗ ಲೆಫ್ಟಾ, ಎಂಗ ಲೆಫ್ಟಾ?" ಎಂದಳು.

ನಿಮ್ಮ ಎಡವೋ, ನಮ್ಮ ಎಡವೋ. ನನ್ನ ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಕಾರು ತಿರುಗಿ ನಿಂತಿತ್ತು. ಬಿಚ್ಚುವಾಗ ಮೇಲ್ಬದಿ ಕಾರಿನ ಎಡಕ್ಕಿತ್ತು, ಕೂರಿಸುವಾಗ ಬಲಕ್ಕಿತ್ತು. ಸ್ಟಿಯರಿಂಗ್ ಇದ್ದಲ್ಲೇ ಇತ್ತು, ಟೈರು ಮಾತ್ರ ನನ್ನ ದುಂಡಕ್ಷರ ನಂಬಿ ಆ ತುದಿಯಿಂದ ಈ ತುದಿಗೆ ಹೋಗಿತ್ತು. ಅಡ್ಡಕಡ್ಡಿ ನೇರಕ್ಕೆ ಬಂದಾಗ ಟೈರು ನೇರಕ್ಕಿರಲು ಸಾಧ್ಯವೇ ಇರಲಿಲ್ಲ. ಮಾವ ಮಾಡಿದ್ದೆಲ್ಲ ಸರಿ. ತಪ್ಪು ನನ್ನದು, ಊರಿಗೆಲ್ಲ ಕೆಂಪು ಮಸಿಯಲ್ಲಿ ತಪ್ಪು ಹಾಕುವ ನನ್ನದು.

ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಅತ್ತೆಯ ನಾಲಿಗೆಗೆ ಹೆದರಿದೆ, ಜಗದೀಶ್ ಏನೆನ್ನುತ್ತಾರೋ ಎಂದು ಹೆದರಿದೆ. ನಿಜ ಹೇಳಬೇಕೆಂದರೆ ನನ್ನ ಹೆಸರು ಕೆಡುತ್ತದೆಂದು ಹೆದರಿದೆ. ಚರಂಡಿ ಮೇಲ್ಬದಿಗಿತ್ತು, ಕೆಳಬದಿಗೆ ವಾಲಿದ್ದರೆ ಎಂದು ನೆನೆದು ಊಟ ಸೇರಲಿಲ್ಲ. ಅತ್ತೆ ಯಾವುದೋ ಮಾತಿಗೆ "ಪುಸ್ತಕ" ಎಂದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವಂತಾಯಿತು.

ಶನಿವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಗೂಡಲೂರಿನವರು ಮಾರನೆಯ ದಿನ ಬರುವುದಿತ್ತು. ಮಾವ ಮುದ್ದೆ ಮುರಿಯುತ್ತಾ ಜಗದೀಶ್‌ಗೆ ಮೆಲ್ಲಗೆ ಹೇಳಿದರು: "ನಾಳೆ ಅವ್ರು ಬಂದಾಗ ನನ್ನ ವಳಗೆ ಕೂರ್ಸು. ಏನಾರ ತಪ್ಪು ಮಾತಾಡ್ಬುಟ್ಟೇನು."

ಇನ್ನು ತಡೆಯಲಾಗಲಿಲ್ಲ. "ಮಾವ, ತಪ್ಪು ನಿಮ್ಮದಲ್ಲ, ನಂದು," ಎಂದೆ. ಕಾಪಿ ಪುಸ್ತಕ ತಂದು ತಟ್ಟೆಯ ಪಕ್ಕ ತೆರೆದಿಟ್ಟು, ಕಾರು ತಿರುಗಿದ್ದನ್ನು ಎರಡು ಚಮಚ ಇಟ್ಟು ತೋರಿಸಿದೆ. ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟೆ. ಗುರುವಾರವೇ ಗೊತ್ತಾಗಿತ್ತು ಎಂಬುದನ್ನೂ ಹೇಳಿದೆ.

"ಅಯ್ಯೋ ನಿನ್ ಓದ್ಗೆ ಬೆಂಕಿ ಬೀಳ! ಮೂರು ದಿನ ಆ ಜೀವಾನ ಇಂಗೆ ಉರ್ಸುದ್ಯಲ್ಲೆ ಟೀಚರಮ್ಮ!" ಎಂದು ಅತ್ತೆ ಎದ್ದೇಬಿಟ್ಟರು.

"ನೀ ಸುಮ್ನಿರು," ಎಂದರು ಮಾವ. ಚಮಚಗಳನ್ನು ತಾವೇ ಒಮ್ಮೆ ತಿರುಗಿಸಿ ನೋಡಿದರು, ಇನ್ನೊಮ್ಮೆ ತಿರುಗಿಸಿದರು. ಮುದ್ದೆ ಮೆತ್ತಿದ ಬೆರಳು ನಿಂತಿತು. "ಅಂಗಾರೆ ನಾನು ಸರಿಯಾಗೇ ಕೂರ್ಸಿದ್ದೆ?"

"ಸರಿಯಾಗೇ ಕೂರ್ಸಿದ್ರಿ ಮಾವ."

"ಇನ್ನೊಂದ್ ಸಾರಿ ಏಳವ್ವ. ಇವ್ನಿಗೆ ಕೇಳ್ಳಿಲ್ಲ," ಎಂದು ಮಗನನ್ನು ತೋರಿಸಿದರು.

ನಾನು ಇನ್ನೊಂದು ಸಾರಿ ಹೇಳಿದೆ. ಸಂಜೆ ಭೋಜನ್ ಬಂದಾಗ ಮತ್ತೊಂದು ಸಾರಿ ಹೇಳಿಸಿದರು. ನನ್ನ ತಪ್ಪನ್ನು ಕೇಳಿ ಒಬ್ಬ ಮನುಷ್ಯ ಅಷ್ಟು ಸುಖಪಟ್ಟದ್ದನ್ನು ನಾನು ಕಂಡಿಲ್ಲ. ನನಗೂ ಹೇಳಿದಷ್ಟೂ ಹಗುರವಾಯಿತು.

ಜಗದೀಶ್ ಗೂಡಲೂರಿನವರಿಗೆ ಫೋನ್ ಮಾಡಿ ಬರಬೇಡಿ ಎಂದರು. ಭಾನುವಾರ ಬೆಳಿಗ್ಗೆ ಮಾವ ಕ್ಷೌರ ಮಾಡಿಕೊಂಡು ಬಂದು ಬೋಲ್ಟು ಸಡಿಲಿಸಿ, ಟೈರುಗಳನ್ನು ನೇರಕ್ಕೆ ನಿಲ್ಲಿಸಿ, ಅಡ್ಡಕಡ್ಡಿಯನ್ನು ಮಟ್ಟಕ್ಕೆ ಹಿಡಿದು ದಂಡವನ್ನು ಮತ್ತೆ ಕೂರಿಸಿದರು. ಅರ್ಧ ಗಂಟೆಯ ಕೆಲಸ. ಜಗದೀಶ್ ಪಕ್ಕದಲ್ಲಿ ಕೂತರು. ಕಾರು ಟೀ ತೋಟದ ನೇರ ದಾರಿಯನ್ನು ದಾಟಿ ಊಟಿ ರಸ್ತೆ ಮುಟ್ಟಿ ವಾಪಸು ಬಂತು. "ಒಂದು ಕಡೆಗೂ ಎಳೀಲಿಲ್ಲ. ನನಗಿಂತ ಚೆನ್ನಾಗಿ ಓಡಿಸ್ತಾರೆ," ಎಂದು ಜಗದೀಶ್ ಇಳಿಯುತ್ತಲೇ ಕೂಗಿದರು. ಅತ್ತೆ ಕಾಫಿ ಮಾಡಲು ಒಳಗೆ ಓಡಿದರು.

ನಾನು ನಲ್ಲಿಯ ಹತ್ತಿರ ನಿಂತಿದ್ದೆ. ಮಾವ ನೇರ ನನ್ನ ಬಳಿ ಬಂದರು. ಮುಖದ ತುಂಬ ನಗು, ಕಣ್ಣು ತಿಳಿಯಾಗಿತ್ತು. ನನ್ನ ಕೈ ಹಿಡಿದು ಕೀಯನ್ನು ಅಂಗೈಯಲ್ಲಿಟ್ಟರು.

"ಲೇ, ಕೆಂಪಾಜಿ, ತಗೋ. ನಾನಿನ್ನು ಓಡ್ಸಲ್ಲ, ಸಾಕು. ನನ್ ತಲೆ ನೆಟ್ಟಗದೆ ಅಂತ ಎಲ್ರಿಗೂ ಗೊತ್ತಾಯ್ತಲ್ಲ. ಇದ ನಮ್ಮ ರೂಪಶ್ರೀ ಕೈಗೆ ಕೊಡು, ಅವ್ಳು ಕಲೀಲಿ."

ಒಳಗೆ ಅತ್ತೆ ಲೋಟ ಜೋಡಿಸುವ ಸದ್ದು ಕೇಳುತ್ತಿತ್ತು. ನಾನು ಮಾವನ ಮುಖವನ್ನೇ ನೋಡಿದೆ. ತಮಾಷೆಯಲ್ಲ. ಅವರು ನನ್ನ ಮುಖದಲ್ಲಿ ಹೆಂಡತಿಯನ್ನೇ ನೋಡುತ್ತಿದ್ದರು.

"ಕೊಡ್ತೀನಿ," ಎಂದೆ.

"ನೆನ್ನೆ ಪಾಪ ಅತ್ತುಬುಡ್ತು ಆ ಮಗು. ಇನ್ನು ಅವ್ಳ ಬೈಬ್ಯಾಡ ನೀನು. ಬೈಯಲ್ಲ ಅನ್ನು."

"ಬೈಯಲ್ಲ," ಎಂದೆ.